ಸಂತಾನವು ಋಣವೇ?

ಜನಸಂಖ್ಯೆಯು ಕುಗ್ಗದೆ ನಿಲ್ಲಬೇಕಾದರೆ ಸ್ತ್ರೀಯೊಬ್ಬಳಿಗೆ ಸರಾಸರಿ 2.1 ಮಕ್ಕಳಿರಬೇಕೆಂದು ಬಲ್ಲವರ ಲೆಕ್ಕವು. ದಕ್ಷಿಣ ಕೊರಿಯಾದಲ್ಲಿ ಈ ಪ್ರಮಾಣವು 2023ರಲ್ಲಿ 0.72ಕ್ಕೆ ಇಳಿಯಿತು. ಜಪಾನಿನಲ್ಲಿ 2024ರಲ್ಲಿ ಜನಿಸಿದ ಶಿಶುಗಳು ಏಳು ಲಕ್ಷಕ್ಕೂ ಕಡಿಮೆ. ಚೀನದ ಜನಸಂಖ್ಯೆಯೂ 2022ರಲ್ಲಿ ಇಳಿಮುಖವಾಯಿತು. ಈ ದೇಶಗಳಲ್ಲಿ ವಿವಾಹದ ಹೊರಗೆ ಸಂತಾನವು ವಿರಳವಾದುದರಿಂದ, ತರುಣ ತರುಣಿಯರು ವಿವಾಹವನ್ನೇ ಮುಂದೂಡುವುದೂ ತೊರೆಯುವುದೂ ಇದಕ್ಕೆ ಮುಖ್ಯ ಕಾರಣಗಳಾಗಿವೆ. ಇದನ್ನು ಧರ್ಮಲೋಪವೆನ್ನಬಹುದೇ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯು.

ಹೌದೆನ್ನುವವರ ಪಕ್ಷವು ದುರ್ಬಲವಾದುದಲ್ಲ. ಪಿತೃಋಣವು ಸಂತಾನದಿಂದ ತೀರುವುದೆಂದು ನಮ್ಮ ಶಾಸ್ತ್ರಕಾರರು ವಿಧಿಸಿದರು; ಚೀನದ ತತ್ತ್ವಜ್ಞನಾದ ಮೆನ್ಷಿಯಸನೂ ವಂಶಚ್ಛೇದವನ್ನು ಪಿತೃಭಕ್ತಿಗೆ ಮಹಾಪಚಾರವೆಂದೆಣಿಸಿದನು. ಹಿರಿಯರಿಂದ ಜನ್ಮವನ್ನೂ ನುಡಿಯನ್ನೂ ಪಡೆದವನು ಅವನ್ನು ಮುಂದಿನವರಿಗೆ ದಾಟಿಸಬೇಡವೆ? ಮಕ್ಕಳಿಲ್ಲದೆ ಶಾಲೆಗಳು ಮುಚ್ಚುತ್ತಿರುವ ಕೊರಿಯಾದ ಗ್ರಾಮಗಳ ದುಃಖವು ಸುಳ್ಳಲ್ಲ.

ಆದರೆ ಋಣವೆಂದಮೇಲೆ ಸಾಲಿಗನ ನಡತೆಯನ್ನೂ ನೋಡಬೇಕಷ್ಟೆ. ಚೀನದ ಸರಕಾರವು 1980ರ ಸುಮಾರಿನಿಂದ 2015ರವರೆಗೆ ಒಂದೇ ಮಗು ಸಾಕೆಂದು ದಂಡವನ್ನು ಹಾಕಿ, 2021ರಲ್ಲಿ ಮೂರಕ್ಕೆ ಅಪ್ಪಣೆಯಿತ್ತಿತು. ಕೊರಿಯಾದ ಸರಕಾರವೂ 1960ರ ದಶಕದಿಂದ ಬಹುಕಾಲ ಮಿತಸಂತಾನವನ್ನೇ ಬೋಧಿಸಿತು. ಬೊಕ್ಕಸದ ಬಾಗಿಲಂತೆ ಗರ್ಭವನ್ನು ಮುಚ್ಚಿ ತೆರೆಯಿಸುವವರ ಬಾಯಲ್ಲಿ ಧರ್ಮದ ಮಾತು ಸಲ್ಲದು.

ಇನ್ನು ಆ ಋಣವನ್ನು ತೀರಿಸುವವರು ಯಾರು? ಸಿಯೋಲಿನಲ್ಲಿ ಮನೆಯ ಬೆಲೆಯು ತರುಣರ ಕೈಗೆ ಎಟುಕದು. ಶಾಲೆಯ ಪಾಠವು ಸಾಲದೆಂದು ಹಗ್ವಾನ್ ಎಂಬ ಖಾಸಗಿ ಪಾಠಶಾಲೆಗಳಿಗೆ ತೆರುವ ಶುಲ್ಕವು ಬೇರೆ. ಉದ್ಯೋಗದಿಂದ ದಣಿದು ಬಂದ ಸೊಸೆಗೇ ಅಡಿಗೆಯೂ ಶಿಶುಪಾಲನೆಯೂ ಪತಿಯ ಪಿತೃಗಳ ನೈವೇದ್ಯದ ಸಿದ್ಧತೆಯೂ ಬೀಳುವುವು. ಋಣವು ಇಬ್ಬರದು, ದುಡಿತವು ಒಬ್ಬಳದು. ಅವಳು ಬೇಡವೆನ್ನುವುದು ಬಹುಮಟ್ಟಿಗೆ ಈ ಏರ್ಪಾಟನ್ನು, ಶಿಶುವನ್ನೇ ಅಲ್ಲ.

1966ರಲ್ಲಿ ಜಪಾನಿನ ಜನನಗಳು ಸುಮಾರು ಕಾಲುಭಾಗದಷ್ಟು ಕುಸಿದುವು. ಆ ‘ಅಗ್ನಿ-ಅಶ್ವ’ ಸಂವತ್ಸರದಲ್ಲಿ ಹುಟ್ಟಿದ ಹೆಣ್ಣು ಪತಿಗೆ ಕೇಡು ತರುವಳೆಂಬ ನಂಬಿಕೆಯಿದ್ದಿತು. ಮಗಳಿಗೆ ಮುಂದೆ ಸುಖವಿಲ್ಲವೆಂದು ಹೆತ್ತವರು ಹೆದರಿದರು. ಆ ಭಯವು ಮೂಢನಂಬಿಕೆಯಿಂದ ಹುಟ್ಟಿ ವರ್ಷದೊಡನೆ ಕಳೆಯಿತು. ಈಗಿನ ಭಯವು ಕಣ್ಣಾರೆ ಕಂಡುದರಿಂದ ಹುಟ್ಟಿದುದಾಗಿ, ಜೀವನಕ್ರಮವು ಬದಲಾಗದೆ ಕಳೆಯಲಾರದು.

ಆದಕಾರಣ ಸಂತಾನವು ಋಣವೇ ಆದರೂ ಬಲಾತ್ಕಾರದಿಂದ ವಸೂಲಾಗತಕ್ಕ ಋಣವಲ್ಲ. ಬದುಕನ್ನು ಪಡೆದವರಿಗೆ ಅದು ಕೊಡತಕ್ಕ ವಸ್ತುವೆಂದು ತೋರಬೇಕು. ಹಾಗೆ ತೋರುವಂತೆ ಮಾಡುವುದು ಹಿರಿಯರ ಮೊದಲ ಋಣವು. 2019–21ರ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಪ್ರಮಾಣವೂ 1.7 ಮಾತ್ರವಿದ್ದಿತು. ಸೊಸೆಯಂದಿರನ್ನು ಪ್ರಶ್ನಿಸುವ ಮೊದಲು ನಮ್ಮ ಮನೆಗಳ ಲೆಕ್ಕವನ್ನು ನಾವೇ ನೋಡಿಕೊಳ್ಳುವುದು ಯುಕ್ತವು.