ಊರು ಬಿಟ್ಟ ಮೇಲೆ ಗುರುತು

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಇಳಿಸಿಕೊಂಡೇ ಪಿಎಚ್.ಡಿ. ಮಾಡುತ್ತಿರುವ ನನ್ನಂಥವರಿಗೆ ಈ ಕಿರಿಕಿರಿ ಗೊತ್ತು. ಲ್ಯಾಪ್‌ಟಾಪಿನ ಕೇಬಲ್ ಕಿತ್ತು ವೈಫೈಗೆ ಬಂದರೆ ಮುಕ್ಕಾಲು ಪಾಲು ಇಳಿದಿದ್ದ ಫೈಲು ಅಲ್ಲಿಗೇ ನಿಲ್ಲುತ್ತದೆ. ಯಂತ್ರ ಅದೇ, ಕೂತ ಕುರ್ಚಿಯೂ ಅದೇ. ಆ ಕಡೆಯ ಸರ್ವರಿಗೆ ಮಾತ್ರ ನಾವು ಯಾರೋ.

1981ರ ಟಿಸಿಪಿ ನಿಯಮಾವಳಿ ಒಂದು ಸಂಪರ್ಕವನ್ನು ಗುರುತಿಸುವುದು ನಾಲ್ಕು ಸಂಖ್ಯೆಗಳಿಂದ: ಎರಡೂ ತುದಿಗಳ ಐಪಿ ವಿಳಾಸ, ಎರಡೂ ತುದಿಗಳ ಪೋರ್ಟ್. ಕೇಬಲ್ಲಿಗೆ ಒಂದು ವಿಳಾಸ, ವೈಫೈಗೆ ಇನ್ನೊಂದು. ನಾಲ್ಕರಲ್ಲಿ ಒಂದು ಬದಲಾದರೂ ನಡೆಯುತ್ತಿದ್ದ ಮಾತು ಮುಗಿದಂತೆ. ನೀನು ಯಾರು ಎಂದು ಕೇಳಿದರೆ ಎಲ್ಲಿದ್ದೀಯೋ ಅದೇ ಉತ್ತರ.

ನಮ್ಮ ಕಡೆ ಹೆಸರುಗಳು ಹೀಗಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯನ್ನು ಹೆಸರಲ್ಲಿ ಹೊತ್ತ ವೆಂಕಟೇಶ ಅಯ್ಯಂಗಾರ್ಯರು ಸರ್ಕಾರಿ ಕೆಲಸದ ಮೇಲೆ ಊರೂರು ತಿರುಗಿ ಬೆಂಗಳೂರಿನ ಗವಿಪುರದಲ್ಲಿ ನೆಲೆಸಿದರು, ಮಾಸ್ತಿಯಾಗಿಯೇ ಉಳಿದರು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರ 'ಡಿ' ದೇವನಹಳ್ಳಿ. ಹೆಸರಿನಲ್ಲಿದ್ದ ಊರಿಗೆ ಕಾಗದ ಹಾಕಿದ್ದರೆ ಇಬ್ಬರಿಗೂ ತಲುಪುತ್ತಿರಲಿಲ್ಲ! ಅಲ್ಲಿ ಊರು ಗುರುತು, ವಿಳಾಸವಲ್ಲ. ಮಾತಿನದೂ ಹಾಗೆಯೇ. ಶ್ರೀನಿವಾಸಪುರದಲ್ಲಿ ತೆಲುಗಿನಲ್ಲಿ ಶುರುವಾದ ಜಗಳ ಕೋಲಾರದ ಬಸ್ಸಿನಲ್ಲಿ ಕನ್ನಡಕ್ಕೆ ಹೊರಳಿ ಮುಂದುವರಿಯುತ್ತದೆ. ಯಾರೂ ಮೊದಲಿಂದ ಶುರು ಮಾಡುವುದಿಲ್ಲ.

ಈ ತಿಳಿವಳಿಕೆ 2021ರ ಮೇನಲ್ಲಿ ಪ್ರಕಟವಾದ 'ಕ್ವಿಕ್' ನಿಯಮಾವಳಿಯಲ್ಲಿದೆ. ಅದರಲ್ಲಿ ಸಂಪರ್ಕಕ್ಕೆ ವಿಳಾಸದಿಂದ ಬೇರೆಯಾದ ಗುರುತುಂಟು. ಮನೆಯ ವೈಫೈ ಬಿಟ್ಟು ಮಾಲೂರು ಸ್ಟೇಷನ್ನಿನ ಹಾದಿಯಲ್ಲಿ ಮೊಬೈಲ್ ಡೇಟಾಗೆ ಹೊರಳಿದರೂ ಮಾತು ತುಂಡಾಗಬೇಕಿಲ್ಲ. ನನ್ನನ್ನು ಹಿಡಿದಿಟ್ಟದ್ದು ಅದರ ನಡವಳಿಕೆ. ಹೊಸ ವಿಳಾಸದಿಂದ ಬಂದವರನ್ನು ಸರ್ವರ್ ಕಣ್ಣುಮುಚ್ಚಿ ನಂಬುವುದಿಲ್ಲ. ಊಹಿಸಲಾಗದ 8 ಬೈಟುಗಳನ್ನು ಆ ವಿಳಾಸಕ್ಕೆ ಕಳಿಸಿ, ಅದನ್ನೇ ತಿರುಗಿ ಹೇಳು ಎನ್ನುತ್ತದೆ. ನಿಜವಾಗಿ ಅಲ್ಲಿರುವವರಿಗೆ ಇದು ಕಷ್ಟವಲ್ಲ. ಜೊತೆಗೆ, ಮೊದಲೇ ಗುಟ್ಟಾಗಿ ಕೊಟ್ಟಿದ್ದ ಬೇರೊಂದು ಗುರುತನ್ನು ಹೊಸ ಹಾದಿಯಲ್ಲಿ ಬಳಸಲಾಗುತ್ತದೆ. ಬಲ್ಲವರಿಗೆ ನಾವು ಹಳಬರೇ. ದಾರಿಯಲ್ಲಿ ನಿಂತು ನೋಡುವವರಿಗೆ, ಆಗ ಹೋದವನೇ ಈಗ ಬಂದನೆಂದು ಹೇಳಲಾಗದು.

ಮನುಷ್ಯರ ವಿಷಯದಲ್ಲಿ ಇಷ್ಟು ಸೂಕ್ಷ್ಮ ನಮಗಿದೆಯೇ? ಮಾಲೂರಿನ ಇಟ್ಟಿಗೆ ಗೂಡುಗಳಿಗೂ ನರಸಾಪುರದ ಕಾರ್ಖಾನೆಗಳಿಗೂ ದೂರದಿಂದ ಜನ ಬರುತ್ತಾರೆ. ರೇಷನ್ ಕಾರ್ಡು ಬಹುಕಾಲ ಟಿಸಿಪಿಯಂತೆಯೇ ಇತ್ತು: ಊರು ಬಿಟ್ಟರೆ ಅಕ್ಕಿ ತಪ್ಪಿತು. 2019ರಲ್ಲಿ ಶುರುವಾದ 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆ ಆ ಗಂಟು ಬಿಚ್ಚಿತು. ಅದು ದೊಡ್ಡ ಕೆಲಸವೆಂದೇ ನನ್ನ ಎಣಿಕೆ. ಆದರೆ ಅಲ್ಲಿ ಪುರಾವೆಯಾಗಿ ಕೇಳುವುದು ಹೆಬ್ಬೆಟ್ಟು. ಹಾದಿಗೊಂದರಂತೆ ಬೆರಳು ಬದಲಿಸಲಾಗದು. ಹೋದಲ್ಲೆಲ್ಲ ಅದೇ ಬೆರಳು, ಅದೇ ಜಾಡು. ಅಲ್ಲದೆ ವರ್ಷಗಟ್ಟಲೆ ಮಣ್ಣು ಕಲಸಿ ಇಟ್ಟಿಗೆ ಹೊತ್ತ ಕೈಯ ಗೆರೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಒಮ್ಮೊಮ್ಮೆ ಅದನ್ನು ಓದುವುದಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ.