ಇಷ್ಟವಾಗುವುದು, ಇಷ್ಟಪಡುವುದು

ಹುಮನಾಬಾದ, ಬಸವಕಲ್ಯಾಣದ ಸೀಮೆಯಲ್ಲಿ, ನಿರ್ಣಾದಂತಹ ಊರುಗಳಲ್ಲಿ, ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಕಿವಿಗೆ ಬೀಳುವುದು ಹೊಸತೇನಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಗಡಿನಾಡು ಅದು. ತಟ್ಟೆಯಲ್ಲಿ ಪಲ್ಯ ಉಳಿಸಿದ ಮಗುವನ್ನು 'ಯಾಕ, ಸೇರಲಿಲ್ಲೇನು?' ಎಂದು ಕನ್ನಡದ ತಾಯಿ ಕೇಳುತ್ತಾಳೆ. ಮರಾಠಿ ಮನೆಯ ಮಗು 'ಮಲಾ ಆವಡತ್ ನಾಹೀ' ಎನ್ನುತ್ತದೆ. ಉರ್ದು ಮನೆಯದು 'ಮುಝೇ ಪಸಂದ್ ನಹೀಂ' ಎನ್ನುತ್ತದೆ. ತೆಲುಗಿನಲ್ಲಾದರೆ 'ನಾಕು ಇಷ್ಟಂ ಲೇದು'. ಮಾತು ನಾಲ್ಕಾದರೂ ಕಟ್ಟು ಒಂದೇ. ಯಾವುದರಲ್ಲಿಯೂ 'ನಾನು' ಮುಂದೆ ನಿಲ್ಲುವುದಿಲ್ಲ. 'ನನಗೆ' ಎಂದೇ ಎಲ್ಲರೂ ಹೇಳುತ್ತಾರೆ. ಪಲ್ಯ ಬಂದು ನನಗೆ ಸೇರಬೇಕು. ನಾನು ಕೇವಲ ಬರಮಾಡಿಕೊಳ್ಳುವವನು.

ಅದೇ ಮಗು ಇಂಗ್ಲಿಷ್ ಶಾಲೆಗೆ ಹೋದೊಡನೆ 'ಐ ಲೈಕ್', 'ಐ ಡೋಂಟ್ ಲೈಕ್' ಎಂದು ಕಲಿಯುತ್ತದೆ. ಇಲ್ಲಿ ಮೊದಲ ಪದವೇ 'ನಾನು'. ಇಷ್ಟಪಡುವುದು ಓದುವ, ಬರೆಯುವ, ಓಡುವ ಹಾಗೆ ನಾನು ಮಾಡುವ ಒಂದು ಕೆಲಸವಾಗಿಬಿಡುತ್ತದೆ. ವಿಚಿತ್ರವೆಂದರೆ ಇಂಗ್ಲಿಷಿನವರೂ ಮೊದಲು ನಮ್ಮ ಹಾಗೆಯೇ ಮಾತನಾಡುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ 'ಲೈಕ್' ಎಂಬ ಕ್ರಿಯಾಪದಕ್ಕೆ 'ಹಿತವಾಗು' ಎಂಬ ಅರ್ಥವಿತ್ತು. ವಸ್ತು ಮನುಷ್ಯನಿಗೆ ಹಿತವಾಗುತ್ತಿತ್ತು. 1600ರ ಆಸುಪಾಸಿನ ಶೇಕ್ಸ್‌ಪಿಯರನ ನಾಟಕಗಳಲ್ಲಿಯೂ ಈ ಹಳೆಯ ರೀತಿ ಅಲ್ಲಲ್ಲಿ ಉಳಿದಿದೆ. ಕಾಲಕ್ರಮದಲ್ಲಿ ವಸ್ತು ಹಿಂದೆ ಸರಿದು ಮನುಷ್ಯ ಮುಂದೆ ಬಂದ. (2009ರಲ್ಲಿ ಫೇಸ್‌ಬುಕ್‌ನಲ್ಲಿ 'ಲೈಕ್' ಗುಂಡಿ ಬಂದ ಮೇಲಂತೂ ಅದು ಬೆರಳಿನ ಕೆಲಸವೂ ಆಯಿತು!)

'ಪ್ರಿಫರ್' ಎಂಬ ಪದದ ಕಥೆ ಬೇರೆ. ಅದರ ಮುಂದೆ 'ದ್ಯಾನ್' ಹಾಕಬಾರದು, 'ಟು' ಹಾಕಬೇಕು ಎಂಬ ವ್ಯಾಕರಣದ ಪಾಠ ಅನೇಕರಿಗೆ ನೆನಪಿರಬಹುದು. ಈ ಪದ ಲತೀನಿನಿಂದ ಬಂದದ್ದು. ಒಂದನ್ನು ಎತ್ತಿ ಇನ್ನೊಂದರ ಮುಂದಕ್ಕೆ ಒಯ್ಯುವುದು ಎಂಬುದು ಅದರ ಮೂಲಾರ್ಥ. ಮುಂದಿಡುವವನು ಒಬ್ಬ ಇರಲೇಬೇಕು. ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ ಉಳಿಯಲೇಬೇಕು.

ಪದಗಳ ಈ ವಿಚಾರ ಕುಟುಂಬಕ್ಕೇಕೆ ಎಂದು ಓದುಗರು ಕೇಳಬಹುದು. ಮನಸ್ಸು ತಾನಾಗಿ ವಾಲಿದ್ದಕ್ಕೆ ನಾವು ಹೊಣೆಯೇ? ಇದು ಪ್ರತಿ ಮನೆಯ ಪ್ರಶ್ನೆ. ನಮ್ಮ ಕನ್ನಡದಲ್ಲಿ ಎರಡೂ ಇವೆ: 'ನನಗೆ ಇಷ್ಟವಾಯಿತು' ಎನ್ನಬಹುದು, 'ನಾನು ಇಷ್ಟಪಟ್ಟೆ' ಎಂದೂ ಹೇಳಬಹುದು. 'ನನಗೆ ಹಿಡಿಸಿತು' ಒಂದು, 'ನಾನು ಮೆಚ್ಚಿದೆ' ಇನ್ನೊಂದು. 'ಒಲಿ' ಎಂಬ ಪದವಂತೂ ಎರಡು ಕಡೆಗೂ ನಡೆಯುತ್ತದೆ. ಹಾಡು ಒಬ್ಬನಿಗೆ ಒಲಿಯುತ್ತದೆ; ಭಕ್ತ ದೇವರಿಗೆ ಒಲಿಯುತ್ತಾನೆ, ದೇವರು ಭಕ್ತನಿಗೆ ಒಲಿಯುತ್ತಾನೆ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣರ ವಚನಗಳಲ್ಲಿ, ವಿಶೇಷವಾಗಿ ಅಕ್ಕಮಹಾದೇವಿಯಲ್ಲಿ, ಈ ಪದ ಮತ್ತೆ ಮತ್ತೆ ಬರುತ್ತದೆ. ಯಾರು ಮೊದಲು ಒಲಿದರು ಎಂದು ಅಲ್ಲಿ ಲೆಕ್ಕ ಹಾಕುವುದು ಕಷ್ಟ.

ಭಾವನೆಗಳು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಬುದ್ಧಿ ಮತ್ತು ಸಂಕಲ್ಪ ಅವುಗಳೊಡನೆ ಕೂಡಿದಾಗಲೇ ಪಾಪಪುಣ್ಯದ ಮಾತು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಸಹಜವಾಗಿ ಹುಟ್ಟುವ ಪ್ರೀತಿಯನ್ನೂ ಆಯ್ಕೆಯ ನಂತರ ಬರುವ ಪ್ರೀತಿಯನ್ನೂ ಬೇರೆ ಬೇರೆ ಪದಗಳಿಂದಲೇ ಗುರುತಿಸಿದರು.

ಇದನ್ನು ಮನೆಯೊಳಗೆ ತಂದು ನೋಡೋಣ. ಇಸಾಕನಿಗೆ ಏಸಾವ ಇಷ್ಟ, ಬೇಟೆಯ ಮಾಂಸದ ರುಚಿಯ ಕಾರಣ. ರೆಬೆಕ್ಕಳಿಗೆ ಯಕೋಬ ಇಷ್ಟ. ಆ ಯಕೋಬನೇ ತಂದೆಯಾದಾಗ ಮುಪ್ಪಿನಲ್ಲಿ ಹುಟ್ಟಿದ ಜೋಸೆಫನ ಕಡೆಗೆ ಅವನ ಮನಸ್ಸು ವಾಲಿತು. ಅಷ್ಟಾಗಿದ್ದರೆ ಮನೆ ಒಡೆಯುತ್ತಿತ್ತೋ ಇಲ್ಲವೋ. ಆದರೆ ಅವನು ಜೋಸೆಫನೊಬ್ಬನಿಗೆ ಅಂದದ ನಿಲುವಂಗಿ ಹೊಲಿಸಿದ. ತಂದೆಯ ಹೃದಯವನ್ನು ಯಾರೂ ಬಗೆದು ನೋಡಲಾರರು. ನಿಲುವಂಗಿ ಮಾತ್ರ ಹತ್ತು ಮಂದಿ ಅಣ್ಣಂದಿರ ಕಣ್ಣೆದುರೇ ಇತ್ತು.

ನಮ್ಮ ಮನೆಗಳಲ್ಲಿ ನಿಲುವಂಗಿಯ ಬದಲು ಶಾಲೆಯ ಫೀಸು. ಮಗನಿಗೆ ಖಾಸಗಿ ಇಂಗ್ಲಿಷ್ ಶಾಲೆ, ವ್ಯಾನು, ಟ್ಯೂಷನ್. ಅದೇ ಮನೆಯ ಮಗಳಿಗೆ ನಡೆದು ಹೋಗುವ ಸರ್ಕಾರಿ ಶಾಲೆ. ಕೇಳಿದರೆ 'ಏನು ಮಾಡುವುದು, ಗಂಡು ಮಗು ಎಂದರೆ ನಮಗೆ ಸ್ವಲ್ಪ ಜಾಸ್ತಿ ಇಷ್ಟ' ಎಂಬ ಉತ್ತರ. ಇಷ್ಟ ಎಲ್ಲಿಂದಲೋ ಬಂದಿರಬಹುದು. ಫೀಸು ತಾನಾಗಿ ಹೋಗಿ ಕಟ್ಟಿಕೊಂಡಿತೇ? 'ಲೈಕ್' ಎನ್ನುವ ಜಾಗದಲ್ಲಿ ಇಲ್ಲಿರುವುದು 'ಪ್ರಿಫರ್'. ಒಬ್ಬರನ್ನು ಎತ್ತಿ ಇನ್ನೊಬ್ಬರ ಮುಂದೆ ಇಟ್ಟಾಗಿದೆ. ಹುಟ್ಟುವ ಮೊದಲೇ ಲಿಂಗ ಪತ್ತೆ ಮಾಡುವುದನ್ನು ತಡೆಯಲು 1994ರಲ್ಲಿ ಬಂದ ಕೇಂದ್ರ ಕಾಯಿದೆಯೂ ಯಾರ ಮನದಾಸೆಯನ್ನೂ ದಂಡಿಸುವುದಿಲ್ಲ. ಪರೀಕ್ಷೆ ಮಾಡಿದ್ದನ್ನು, ಮಾಡಿಸಿದ್ದನ್ನು ದಂಡಿಸುತ್ತದೆ.

ಹಾಗೆಂದು 'ಬಂದ' ಇಷ್ಟಕ್ಕೆ ನಾವು ಪೂರ್ತಿ ಹೊರಗಿನವರೂ ಅಲ್ಲ. ಸರಿಯಾದದ್ದರಲ್ಲಿ ಸಂತೋಷಪಡುವುದನ್ನು ಎಳೆವಯಸ್ಸಿನಿಂದಲೇ ರೂಢಿ ಮಾಡಿಸಬೇಕೆಂದು ಅರಿಸ್ಟಾಟಲ್ ಬರೆದ. ನಮ್ಮವರು ಅದನ್ನೇ 'ರುಚಿ ಹತ್ತಬೇಕು' ಎನ್ನುತ್ತಾರೆ. ಜೋಳದ ರೊಟ್ಟಿ ಪೇಟೆಯ ಸೊಸೆಗೆ ಮೊದಲ ದಿನವೇ ಸೇರಲಿಕ್ಕಿಲ್ಲ. ವರ್ಷ ಕಳೆದರೆ ಅನ್ನದ ಊಟದಲ್ಲಿ ಅವಳಿಗೇ ಹೊಟ್ಟೆ ತುಂಬದು. ಇನ್ನು 'ನನಗೆ ಅತ್ತೆಯನ್ನು ಕಂಡರೆ ಆಗುವುದಿಲ್ಲ' ಎಂಬ ಮಾತು. ಆಗುವಂತೆ ಮಾಡಿಕೋ ಎಂದು ಯಾರೂ ಆಜ್ಞೆ ಮಾಡಲಾರರು. ಜ್ವರ ಬಂದ ಅತ್ತೆಗೆ ಗಂಜಿ ಕಾಯಿಸಿ ಕೊಡು ಎನ್ನಬಹುದು. 'ಕಂಡರೆ ಆಗದ' ಸೊಸೆಯ ಮುಂದೆ ನಾಲಿಗೆ ಹಿಡಿದುಕೊಳ್ಳಿ ಎಂದು ಅತ್ತೆಗೂ ಹೇಳಬಹುದು.

ಈ ವ್ಯತ್ಯಾಸ ಅತ್ಯಂತ ಮುಖ್ಯವಾಗುವುದು ಮದುವೆಯ ಮಾತುಕತೆಯಲ್ಲಿ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿ. ಅದು ಸಂಕಲ್ಪದ ಕ್ರಿಯೆ, ಅದನ್ನು ಅವರ ಪರವಾಗಿ ಬೇರೆ ಯಾರೂ ಕೊಡಲಾರರು. ಒತ್ತಾಯ ಅಥವಾ ತೀವ್ರ ಭಯದಿಂದ ಪಡೆದ ಸಮ್ಮತಿ ಸಿಂಧುವಲ್ಲ. ಹುಡುಗ ಚೆನ್ನಾಗಿ ಕಂಡನೆಂದ ಮಾತ್ರಕ್ಕೆ ಸಮ್ಮತಿ ಆಗುವುದಿಲ್ಲ. ಆದರೆ ಹುಡುಗಿ ನೋಡುವ ದಿನ ನಾವು ಕೇಳುವುದೇನು? ಮನೆ ತುಂಬ ಬೀಗರು ಕುಳಿತಿರುವಾಗ, ಚಹದ ಕಪ್ಪುಗಳ ನಡುವೆ, 'ಹುಡುಗ ಇಷ್ಟವಾದನೇನಮ್ಮಾ?' ಎಂದು. ಅವಳು ತಲೆ ತಗ್ಗಿಸಿ 'ನಿಮ್ಮಿಷ್ಟ' ಎನ್ನುತ್ತಾಳೆ. ಎಲ್ಲರಿಗೂ ಸಂತೋಷ, ಬೆಲ್ಲ ಸಕ್ಕರೆ ಹಂಚಿಯಾಯಿತು. ಆ ಒಂದು ಮಾತಿನಲ್ಲಿ ಇಷ್ಟವೂ ಅವಳದಲ್ಲ, ಒಪ್ಪಿಗೆಯೂ ಅವಳದಲ್ಲ. ಎರಡನ್ನೂ ಅವಳು ನಮ್ಮ ಕೈಗೆ ಕೊಟ್ಟು ಒಳಗೆ ಹೋದಳು.

ಮುಂದೆ ಮದುವೆಗೆ ಮುನ್ನ ಗುರುಗಳು ಅವಳನ್ನು ಒಬ್ಬಳನ್ನೇ ಕೂರಿಸಿ ಸ್ವಂತ ಮನಸ್ಸಿನಿಂದ ಒಪ್ಪಿದ್ದೀಯಾ ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಕರೆಯೋಲೆ ಅಚ್ಚಾಗಿರುತ್ತದೆ, ಮಂಟಪಕ್ಕೆ ಮುಂಗಡ ಹೋಗಿರುತ್ತದೆ. ಅದಕ್ಕೆ ಮೊದಲು, ಬೀಗರು ಬಾಗಿಲು ದಾಟಿದ ಮೇಲೆ, ಅದೇ ಪ್ರಶ್ನೆಯನ್ನು ಅವಳಿಗೆ ಮನೆಯಲ್ಲಿ ಯಾರಾದರೂ ಕೇಳಿದ್ದರೇ? 'ಇಲ್ಲ' ಎನ್ನಲು ಒಂದೆರಡು ದಿನ ಬಿಟ್ಟಿದ್ದರೇ?