ಫ್ರೀ

“ನಾಳೆ ಫ್ರೀ ಇದ್ದೀರಾ?” ಎಂದು ಕೇಳುವವರಿಗೆ ಬೇಕಿರುವುದು ನಮ್ಮ ಬಿಡುವು. “ಒಂದು ಕೊಂಡರೆ ಒಂದು ಫ್ರೀ” ಎನ್ನುವ ಅಂಗಡಿಯವರದು ಬೆಲೆಯ ಮಾತು. “ಅವರ ಹತ್ತಿರ ಫ್ರೀಯಾಗಿ ಮಾತಾಡಬಹುದು” ಎಂದರೆ ಸಂಕೋಚ ಬೇಡ ಎಂದರ್ಥ. ಶುಗರ್ ಫ್ರೀ ಬಿಸ್ಕತ್ತಿನ ಮೇಲೆ ಅದೇ ಪದ ಸಕ್ಕರೆ ಇಲ್ಲವೆಂದು ಸಾರುತ್ತದೆ. ಇಂಗ್ಲಿಷ್ ಮನೆಮಾತಿನವರನ್ನೂ ಇದು ಪೇಚಿಗೆ ಸಿಲುಕಿಸಿದ್ದುಂಟು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಫ್ರೀ ಸಾಫ್ಟ್‌ವೇರ್ ಚಳವಳಿಗೆ ಚಾಲನೆ ಕೊಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ತಂತ್ರಾಂಶವನ್ನು ಬಿಚ್ಚಿ ನೋಡುವ, ತಿದ್ದುವ, ಹಂಚುವ ಹಕ್ಕು. ಬಹಳ ಜನರ ಕಿವಿಗೆ ಬಿದ್ದದ್ದು ಮಾತ್ರ ದುಡ್ಡಿಲ್ಲದೆ ಸಿಗುತ್ತದೆ ಎಂದು. ಸ್ವತಂತ್ರ ತಂತ್ರಾಂಶ ಎಂದು ಕರೆದು ನಾವು ಆ ತೊಡಕಿನಿಂದ ಪಾರಾದೆವು.

ಈ ಬಳಕೆಗಳಲ್ಲೆಲ್ಲ ಒಂದು ‘ಇಲ್ಲ’ ಅಡಗಿದೆ. ಕೆಲಸವಿಲ್ಲ, ಬೆಲೆಯಿಲ್ಲ, ತಡೆಯಿಲ್ಲ, ಸಕ್ಕರೆಯಿಲ್ಲ. ಪದದ ಬೇರಿಗೆ ಇಳಿದರೆ ಅಲ್ಲಿ ಸಿಗುವುದು ಪ್ರೀತಿ. ಇಂಗ್ಲಿಷಿನ ಫ್ರೀ ಮತ್ತು ಫ್ರೆಂಡ್, ಸಂಸ್ಕೃತದಿಂದ ನಮಗೆ ಬಂದ ಪ್ರಿಯ, ಇವೆಲ್ಲ ಪ್ರೀತಿಸು ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನ ಮಕ್ಕಳು. ಪ್ರೀತಿಗೂ ಬಿಡುಗಡೆಗೂ ಎಲ್ಲಿಯ ನಂಟು? ಭಾಷಾವಿಜ್ಞಾನಿಗಳು ಕೊಡುವ ವಿವರಣೆ ಹೀಗಿದೆ: ಕುಲದ ಪ್ರಿಯರು, ನಂಟರು, ಮನೆಯ ಮಕ್ಕಳು ಸ್ವತಂತ್ರರು, ಅದೇ ಸೂರಿನಡಿ ದುಡಿಯುವ ಗುಲಾಮರು ಅಲ್ಲ. ಲ್ಯಾಟಿನ್ನಿನಲ್ಲೂ ಲಿಬೆರ್ ಎಂದರೆ ಸ್ವತಂತ್ರ, ಲಿಬೆರಿ ಎಂದರೆ ಮಕ್ಕಳು. ಯಾರ ಹಂಗೂ ಇಲ್ಲದಿರುವುದೇ ಸ್ವಾತಂತ್ರ್ಯ ಎಂದು ನಾವು ಬಗೆದಿದ್ದೇವೆ. ಆ ಪದಗಳನ್ನು ಆಡುತ್ತಿದ್ದ ಹಳಬರ ಪಾಲಿಗೆ ಸ್ವತಂತ್ರನೆಂದರೆ ತನ್ನವರು ಎನ್ನುವವರು ಇದ್ದವನು. ಗುಲಾಮನ ಕೇಡು ಸಂಕೋಲೆಯೊಂದರಿಂದಲೇ ಬಂದದ್ದಲ್ಲ. ಅವನನ್ನು ನಮ್ಮವನು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಹೊರಗುಳಿದ ಅಂಥವರ ನೆನಪು ನಮ್ಮ ‘ಬಿಟ್ಟಿ’ಯಲ್ಲಿ ಉಳಿದುಕೊಂಡಿದೆ. ಬಿಟ್ಟಿ ಸಿಕ್ಕಿತು ಎಂದು ಖುಷಿಪಡುತ್ತೇವೆ. ಸಂಸ್ಕೃತದ ವಿಷ್ಟಿಯ ತದ್ಭವ ಅದು. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ ಎಂದು ಅದರ ಅರ್ಥ. ಪಡೆದವನಿಗೆ ಪುಕ್ಕಟೆಯಾದದ್ದು ಇನ್ನೊಬ್ಬನ ಮೈಬೆವರು. ಸಂವಿಧಾನದ 23ನೆಯ ವಿಧಿ ಇಂಥ ದುಡಿಮೆಯನ್ನು ನಿಷೇಧಿಸಿತು. 1976ರ ಕಾಯ್ದೆ ಜೀತ ಪದ್ಧತಿಯನ್ನು ರದ್ದುಮಾಡಿತು.

ಫ್ರೀ, ಬಿಟ್ಟಿ ಈ ಎರಡು ಪದಗಳೂ ಒಬ್ಬರ ಬದುಕಿನಲ್ಲೇ ಕೂಡಿಬರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹೊರಗೆ ನೌಕರಿಗೆ ಹೋಗದ ಹೆಂಗಸಿಗೆ “ನೀನು ಮನೇಲಿ ಫ್ರೀ ಇದ್ದೀಯಲ್ಲ” ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತಾರೆ! ಹಿಟ್ಟು ರುಬ್ಬಿ, ಅತ್ತೆಗೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟು, ಮಕ್ಕಳ ಪಾಠ ನೋಡುವ ಆಕೆ ಮನೆಮಂದಿಗೆಲ್ಲ ಪ್ರಿಯಳೇ. ಆದರೂ ಆಕೆಯ ದುಡಿಮೆಗೆ ಕೂಲಿಯಿಲ್ಲ, ಲೆಕ್ಕವಿಲ್ಲ, ರಜೆಯಿಲ್ಲ. ಪ್ರಿಯರಾದವರು ಸ್ವತಂತ್ರರೂ ಹೌದು ಎಂಬ ಹಳಬರ ಎಣಿಕೆ ಆಕೆಯ ಪಾಲಿಗೆ ಇನ್ನೂ ನಿಜವಾಗಿಲ್ಲ.